ಮೆಮೊರಿ ಸಾಲದೆ ಮೈಎಸ್‌ಕ್ಯೂಎಲ್ ಸರ್ವರ್ ಆರಂಭವಾಗದಿದ್ದರೆ

ಸುಮಾರು 1 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಇದ್ದಕ್ಕಿದ್ದಂತೆ ನಿಂತು, ಮತ್ತೆ ಆರಂಭಿಸಲು ಹೋದರೂ ಏಳದಿದ್ದರೆ, ಮೊದಲು ಅದರ ದೋಷಗಳು ದಾಖಲಾಗುವ ಎರರ್ ಲಾಗ್ ತೆರೆಯಿರಿ. ಆದರೆ ಅದರ ಕೊನೆಯ ಸಾಲುಗಳನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬೇಡಿ. ಇನ್ನೊಡಿಬಿ ಸ್ಟೋರೇಜ್ ಎಂಜಿನ್ (ಡೇಟಾವನ್ನು ಸಂಗ್ರಹಿಸಿ ನಿರ್ವಹಿಸುವ ಭಾಗ) ನೋಂದಣಿಯಾಗಲಿಲ್ಲ ಎಂಬ ಸಾಲನ್ನು ಅಲ್ಲಿ ಕಂಡು, ಡೇಟಾಬೇಸೇ ಕೆಟ್ಟುಹೋಯಿತೆಂದು ಗಾಬರಿಯಾಗುವವರಿದ್ದಾರೆ. ಅದೇ ಪ್ರಯತ್ನದ ಆರಂಭದ ಸಾಲುಗಳಿಗೆ ಹಿಂದಿರುಗಿದರೆ, ಬಫರ್ ಪೂಲ್‌ಗೆ (ಡೇಟಾವನ್ನು ಬೇಗ ಓದಲೆಂದು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ) ಮೆಮೊರಿ ಸಿಗಲಿಲ್ಲವೆಂಬ ದೂರೂ ಅದರೊಂದಿಗೆ 12 ಎಂಬ ಎರರ್ ಸಂಖ್ಯೆಯೂ ಕಾಣುತ್ತವೆ. ಲಿನಕ್ಸ್‌ನಲ್ಲಿ 12 ಎಂದರೆ ಕೇಳಿದಷ್ಟು ಮೆಮೊರಿ ಕೊಡಲಾಗಲಿಲ್ಲ ಎಂದೇ ಅರ್ಥ. ಕೆಳಗಿನ ಸಾಲುಗಳೆಲ್ಲ ಅದರಿಂದ ಹುಟ್ಟಿದವು. ಆದ್ದರಿಂದ ಡೇಟಾ ಡೈರೆಕ್ಟರಿಯಲ್ಲಿರುವ ಐಬಿಡೇಟಾ ಫೈಲನ್ನಾಗಲಿ ಇನ್ನೊಡಿಬಿಯ ಲಾಗ್ ಫೈಲ್‌ಗಳನ್ನಾಗಲಿ ದಯವಿಟ್ಟು ಅಳಿಸಬೇಡಿ. ಮೆಮೊರಿಯ ಕೊರತೆಯನ್ನು ಸರಿಪಡಿಸಬಹುದು, ಅಳಿಸಿದ ಡೇಟಾ ಬ್ಯಾಕಪ್ ಇಲ್ಲದೆ ಮರಳುವುದಿಲ್ಲ.

ಮುಂದಿನ ಪ್ರಶ್ನೆ, ಮೆಮೊರಿಯನ್ನು ಯಾರು ಬಳಸುತ್ತಿದ್ದಾರೆ ಎಂಬುದು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ ಎಂಬ ಸಾಲಿದ್ದು ಅದರಲ್ಲಿ ಮೈಎಸ್‌ಕ್ಯೂಎಲ್‌ಡಿ (ಮೈಎಸ್‌ಕ್ಯೂಎಲ್‌ನ ಸರ್ವರ್ ಪ್ರೋಗ್ರಾಂ) ಹೆಸರಿದ್ದರೆ, ಕರ್ನಲ್ಲೇ ಅದನ್ನು ಕೊಂದಿದೆ. ಕೊಲ್ಲಲ್ಪಟ್ಟದ್ದು ಡೇಟಾಬೇಸ್ ಆದರೂ ಮೆಮೊರಿ ತುಂಬಿಸಿದ್ದು ಅನೇಕ ವೇಳೆ ಪಕ್ಕದಲ್ಲೇ ಓಡುವ ವೆಬ್ ಸರ್ವರ್. ಬಂದ ಬೇಡಿಕೆಗಳನ್ನು ನಿರ್ವಹಿಸುವ ಅದರ ಒಂದೊಂದು ವರ್ಕರ್ ಪ್ರಕ್ರಿಯೆ 40 ಎಂಬಿ ಹಿಡಿದರೆ 20 ವರ್ಕರ್‌ಗಳಿಗೇ 800 ಎಂಬಿ ಹೋಗುತ್ತದೆ. ಹಾಗಿರುವಾಗ ವರ್ಕರ್‌ಗಳ ಗರಿಷ್ಠ ಮಿತಿಯನ್ನು ಇಳಿಸದೆ ಡೇಟಾಬೇಸನ್ನು ಎಷ್ಟು ಸಲ ಆರಂಭಿಸಿದರೂ ಅದು ಮತ್ತೆ ಬೀಳುತ್ತದೆ.

ಅನಂತರ ಮೈಎಸ್‌ಕ್ಯೂಎಲ್‌ನ ಕಾನ್ಫಿಗರೇಶನ್ ಫೈಲಿಗೆ ಬನ್ನಿ. ಬಫರ್ ಪೂಲ್‌ನ ಡಿಫಾಲ್ಟ್ ಗಾತ್ರ 128 ಎಂಬಿ. ಅದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಇಳಿಸಿ. ಸರ್ವರ್ ಏಳುವುದೇ ಕಷ್ಟವೆನ್ನುವಂತಿದ್ದರೆ ಸದ್ಯಕ್ಕೆ 64 ಎಂಬಿ ಇಟ್ಟು ನೋಡಿ. ಈ ಗಾತ್ರವನ್ನು ಹೇಳುವ ಸಾಲು ಆ ಫೈಲಿನ ಮೈಎಸ್‌ಕ್ಯೂಎಲ್‌ಡಿ ವಿಭಾಗದೊಳಗೇ ಇರಬೇಕು, ಕ್ಲೈಂಟ್ ವಿಭಾಗದಲ್ಲಿ ಬರೆದದ್ದು ಸರ್ವರಿಗೆ ಅನ್ವಯಿಸುವುದಿಲ್ಲ. ಚಿಕ್ಕ ಸರ್ವರಿನಲ್ಲಿ ಪರ್ಫಾರ್ಮೆನ್ಸ್ ಸ್ಕೀಮಾವನ್ನು (ಸರ್ವರಿನ ಕಾರ್ಯಕ್ಷಮತೆಯ ಅಂಕಿಅಂಶ ಸಂಗ್ರಹಿಸುವ ಭಾಗವನ್ನು) ಆಫ್ ಮಾಡಿದರೆ ಗಣನೀಯ ಮೆಮೊರಿ ಉಳಿಯುತ್ತದೆ.

ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಲ್ಲದಿದ್ದರೆ 1 ಜಿಬಿ ಗಾತ್ರದ ಸ್ವಾಪ್ ಫೈಲ್ ಮಾಡಿ, ಅದರ ಅನುಮತಿಯನ್ನು 600ಕ್ಕೆ (ಮಾಲೀಕ ಮಾತ್ರ ಓದಿ ಬರೆಯುವಂತೆ) ಇಳಿಸಿ, ಬೂಟ್ ಆಗುವಾಗ ಜೋಡಿಸಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿಯೂ ನಮೂದಿಸಿ. ನಮೂದಿಸದಿದ್ದರೆ ಮುಂದಿನ ರೀಬೂಟಿನಲ್ಲಿ ಅದು ಜಾರಿಗೆ ಬರುವುದಿಲ್ಲ. ಕ್ಷಣಕಾಲದ ಒತ್ತಡವನ್ನು ಸ್ವಾಪ್ ತಡೆದುಕೊಳ್ಳುತ್ತದೆ. ದಿನವಿಡೀ ಸ್ವಾಪೇ ಬಳಕೆಯಲ್ಲಿದ್ದು ಕ್ವೆರಿಗಳು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ನಿಧಾನವಾಗುತ್ತಿದ್ದರೆ ರ‍್ಯಾಮ್ ಹೆಚ್ಚಿಸುವುದೊಂದೇ ಸರಿಯಾದ ದಾರಿ.