ಟಿಪ್‌ಲೈನ್ ವರದಿ ಕೈಗೆ ಬಂದ ಮೇಲೆ

ಮಕ್ಕಳ ಅಶ್ಲೀಲ ಚಿತ್ರ ಅಪ್‌ಲೋಡ್ ಆದದ್ದು ಕಂಡರೆ ಗೂಗಲ್, ಮೆಟಾದಂಥ ಕಂಪನಿಗಳು ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಕೇಂದ್ರ ಎನ್‌ಸಿಎಂಇಸಿಯ ಸೈಬರ್ ಟಿಪ್‌ಲೈನ್‌ಗೆ ವರದಿ ಕೊಡುತ್ತವೆ. ಅದರಲ್ಲಿ ಭಾರತದ ಪಾಲಿನದು ದೆಹಲಿಗೆ ಬರುತ್ತದೆ. 2019ರಲ್ಲಿ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಎನ್‌ಸಿಎಂಇಸಿ ಜೊತೆ ಮಾಡಿಕೊಂಡ ಒಪ್ಪಂದದಿಂದ ಶುರುವಾದ ದಾರಿ ಇದು. ದೆಹಲಿಯಿಂದ ರಾಜ್ಯಕ್ಕೆ, ಅಲ್ಲಿಂದ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ, ಅಂದರೆ ನಮ್ಮ ಬಳಿಗೆ, ಇಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿರಬಹುದು. ಹಾಗಾಗಿ ವರದಿ ತೆರೆದ ದಿನವೇ ಕಂಪನಿಗೆ ಖಾತೆಯ ಮಾಹಿತಿ ಅಳಿಸದಂತೆ ಕೋರಿಕೆ ಕಳಿಸುತ್ತೇವೆ. ಅಮೆರಿಕದ ಕಂಪನಿಗಳು ಸಾಮಾನ್ಯವಾಗಿ 90 ದಿನ ಕಾಯ್ದಿಡುತ್ತವೆ. ಅವಧಿ ಮುಗಿಯುವ ಮೊದಲೇ ಮತ್ತೆ ಕೇಳಿಕೊಳ್ಳಬೇಕು.

ವರದಿಯಲ್ಲಿ ಮೊದಲು ನೋಡುವುದು ಚಿತ್ರವನ್ನಲ್ಲ, ಸಮಯವನ್ನು. ಅದು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಮಾರ್ಚ್ 14ರ 19:42:10 ಅಂತ ಇದ್ದರೆ ನಮ್ಮ ಗಡಿಯಾರದಲ್ಲಿ ಅದು ಮಾರ್ಚ್ 15ರ ಬೆಳಗಿನ ಜಾವ 01:12:10. ಐದೂವರೆ ಗಂಟೆ ಕೂಡಿಸುವುದನ್ನು ಮರೆತರೆ ತಾರೀಖೇ ತಪ್ಪುತ್ತದೆ. ನಾವು ತಪ್ಪಾಗಿ ಬರೆದ ಹೊತ್ತಿನಲ್ಲಿ ಆ ಐಪಿ (ಇಂಟರ್‌ನೆಟ್ ವಿಳಾಸ) ಯಾರ ಬಳಿ ಇತ್ತೋ ಅವರ ಹೆಸರನ್ನು ಟೆಲಿಕಾಂ ಕಂಪನಿ ಕೊಡುತ್ತದೆ, ನಾವು ಏನೂ ತಿಳಿಯದವರ ಮನೆ ಬಾಗಿಲು ತಟ್ಟುತ್ತೇವೆ. ಮಾಹಿತಿ ಕೇಳುವ ಬಿಎನ್‌ಎಸ್‌ಎಸ್ (ನಾಗರಿಕ ಸುರಕ್ಷಾ ಸಂಹಿತೆ) 94ರ ನೋಟಿಸಿನಲ್ಲಿ ಯುಟಿಸಿ, ಐಎಸ್‌ಟಿ (ಭಾರತೀಯ ಸಮಯ) ಎರಡನ್ನೂ ಸೆಕೆಂಡು ಸಮೇತ ಬರೆಯುವುದು ಒಳ್ಳೆಯದು.

ಎರಡನೇ ತೊಡಕು ಪೋರ್ಟ್ ಸಂಖ್ಯೆ, ಅಂದರೆ ಒಂದೇ ವಿಳಾಸ ಹಂಚಿಕೊಂಡವರನ್ನು ಬೇರೆಬೇರೆಯಾಗಿ ಗುರುತಿಸುವ ಅಂಕಿ. ಮೊಬೈಲ್ ನೆಟ್‌ವರ್ಕಿನಲ್ಲಿ ಒಂದೇ ಐಪಿವಿ4 (ಹಳೆಯ ಮಾದರಿಯ ಐಪಿ) ವಿಳಾಸವನ್ನು ಏಕಕಾಲಕ್ಕೆ ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಸೋರ್ಸ್ ಪೋರ್ಟ್ ಇಲ್ಲದಿದ್ದರೆ ಉತ್ತರವಾಗಿ ಬರುವುದು ಉದ್ದನೆಯ ಎಕ್ಸೆಲ್ ಪಟ್ಟಿ. ಹೊಸ ಮಾದರಿಯ ಐಪಿವಿ6 ಇದ್ದರೆ ಕೆಲಸ ಬಹಳ ಹಗುರ. ಎರಡೂ ಇಲ್ಲದಾಗ ಅದೇ ಖಾತೆಯ ಬೇರೆ ಲಾಗಿನ್‌ಗಳನ್ನು ತರಿಸಿ, ಪ್ರತಿ ಪಟ್ಟಿಯಲ್ಲೂ ಮರುಕಳಿಸುವ ನಂಬರ್ ಹುಡುಕಬೇಕು. ರಿಕವರಿ ಮೊಬೈಲ್ ನಂಬರ್, ಇಮೇಲ್ ಅದಕ್ಕೆ ತಾಳೆಯಾಗುತ್ತವೆಯೋ ನೋಡಬೇಕು. ಸಂಪರ್ಕ ಪಡೆದವನೇ ಆರೋಪಿ ಅನ್ನುವಂತಿಲ್ಲ: ಪಿಜಿಯ ವೈಫೈ ಓನರ್ ಹೆಸರಿನಲ್ಲಿರುತ್ತದೆ.

ಆಮೇಲೆ ವರ್ಗೀಕರಣ. ಎ1, ಎ2, ಬಿ1, ಬಿ2 ಎಂಬ ಗುರುತುಗಳಲ್ಲಿ ಎ ಅಂದರೆ ಪ್ರೌಢಾವಸ್ಥೆಗೆ ಬರದ ಮಗು. 1 ಅಂದರೆ ಲೈಂಗಿಕ ಕ್ರಿಯೆ. ಕಡತವನ್ನು ಕಂಪನಿಯವರು ಕಣ್ಣಾರೆ ನೋಡಿದ್ದಾರೋ, ಬರೀ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಹೊಂದಿಕೆಯೋ ಎಂಬುದೂ ಅಲ್ಲೇ ಇರುತ್ತದೆ. ಹ್ಯಾಶ್ ಹೊಂದಿದರೆ ಅದು ಹಳೆಯ, ಸುತ್ತುತ್ತಿರುವ ಚಿತ್ರ. ಎಲ್ಲೂ ಹೊಂದದ ಹೊಸ ಚಿತ್ರವಾದರೆ ಮಗು ಈಗಲೂ ಅಪಾಯದಲ್ಲಿರಬಹುದು. ಉಳಿದದ್ದೆಲ್ಲ ಬದಿಗಿಟ್ಟು ಅದನ್ನು ಹಿಡಿಯುತ್ತೇವೆ. "ಈ ಪಾಪಿಯನ್ನು ಹಿಡಿಯಿರಿ" ಅಂತ ಸಿಟ್ಟಿನಲ್ಲಿ ವಿಡಿಯೋ ಫಾರ್ವರ್ಡ್ ಮಾಡಿದವರೂ ಈ ವರದಿಗಳಲ್ಲಿ ಸಿಗುತ್ತಾರೆ. ಉದ್ದೇಶ ಏನೇ ಇರಲಿ, ಹಂಚಬಾರದ್ದನ್ನು ಹಂಚಿದ್ದಾರೆ.

ಜಪ್ತಿಯಲ್ಲಿ ಆಗುವ ದೊಡ್ಡ ತಪ್ಪು, ಅನ್‌ಲಾಕ್ ಆಗಿರುವ ಫೋನನ್ನು ಆಫ್ ಮಾಡುವುದು. ಮತ್ತೆ ಆನ್ ಮಾಡಿದಾಗ ಪಾಸ್‌ಕೋಡ್ ಹಾಕುವವರೆಗೆ ಡೇಟಾ ಬಹುಪಾಲು ಎನ್‌ಕ್ರಿಪ್ಟ್ ಆಗೇ ಇರುತ್ತದೆ. ಫ್ಲೈಟ್ ಮೋಡ್ ಹಾಕಿ, ವೈಫೈ, ಬ್ಲೂಟೂತ್ ಆರಿಸಿ, ಪವರ್ ಬ್ಯಾಂಕ್ ಜೊತೆಗೇ ಸಿಗ್ನಲ್ ತಡೆಯುವ ಫ್ಯಾರಡೆ ಚೀಲಕ್ಕೆ ಹಾಕಬೇಕು. ಶೋಧ, ಜಪ್ತಿ ಎರಡರ ವಿಡಿಯೋ ಚಿತ್ರೀಕರಣ ಬಿಎನ್‌ಎಸ್‌ಎಸ್ 105ರ ಪ್ರಕಾರ ಕಡ್ಡಾಯ. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್‌ಗೆ ಅದರಲ್ಲಿ ಏನೂ ಬದಲಾಗದಂತೆ ತಡೆಯುವ ರೈಟ್ ಬ್ಲಾಕರ್ ಹಾಕಿ ಅಲ್ಲೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಪಂಚನಾಮೆಯಲ್ಲಿ ಬರೆಸುತ್ತೇವೆ. ಎಫ್‌ಎಸ್‌ಎಲ್‌ನಲ್ಲಿ (ವಿಧಿವಿಜ್ಞಾನ ಪ್ರಯೋಗಾಲಯ) ಮಾತ್ರ ಹ್ಯಾಶ್ ತೆಗೆದರೆ, ನಡುವಿನ ದಿನಗಳಲ್ಲಿ ಏನಾಯಿತೆಂದು ವಕೀಲರು ಕೇಳಿದಾಗ ಉತ್ತರ ಇರುವುದಿಲ್ಲ. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ, ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಎ, ಬಿ ಎರಡು ಭಾಗಗಳಿವೆ. ತಜ್ಞರು ಸಹಿ ಹಾಕುವ ಬಿ ಭಾಗವನ್ನು ಬಿಟ್ಟೇ ದೋಷಾರೋಪ ಪಟ್ಟಿ ಕಳಿಸುವವರಿದ್ದಾರೆ.

ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ ಐಟಿ ಕಾಯ್ದೆಯ 67ಬಿ ಹಾಕಿದರೆ ತನಿಖೆ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರದೇ ಆಗಿರಬೇಕು. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೋಕ್ಸೊ 15ರ ಅಡಿ ಇಂಥದ್ದನ್ನು ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೇ ಅಪರಾಧ, ನಿಜಕ್ಕೂ ಹಂಚಿರಬೇಕೆಂದಿಲ್ಲ ಎಂದಿತು. ಮೊದಲು ಕೈಬಿಡುತ್ತಿದ್ದ ಪ್ರಕರಣಗಳನ್ನು ಅದಾದ ಮೇಲೆ ಮತ್ತೆ ನೋಡಬೇಕಾಗಿದೆ.

ಠಾಣೆಯ ಒಳಗಿನ ಒಂದು ಕಟ್ಟುನಿಟ್ಟು: ಚಿತ್ರ ಯಾರ ವಾಟ್ಸ್ಆ್ಯಪ್‌ಗೂ ಹೋಗಕೂಡದು, ಮೇಲಧಿಕಾರಿ ಕೇಳಿದರೂ ಸರಿ. ಫೈಲಿನ ಹೆಸರು, ಹ್ಯಾಶ್ ಅಷ್ಟೇ ಕಳಿಸುತ್ತೇವೆ. ಮಗು ಪತ್ತೆಯಾದರೆ ಹೇಳಿಕೆ ಪಡೆಯಲು ಮಹಿಳಾ ಎಸ್‌ಐ ಯೂನಿಫಾರ್ಮ್ ಇಲ್ಲದೆ ಹೋಗುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಗೆ 24 ಗಂಟೆಯೊಳಗೆ ತಿಳಿಸಬೇಕು. ತನ್ನ ಚಿತ್ರ ಹರಿದಾಡುತ್ತದೆಂದು ಹೆದರಿದ ಮಗುವಿಗೆ ಎನ್‌ಸಿಎಂಇಸಿಯ 'ಟೇಕ್ ಇಟ್ ಡೌನ್' ಪುಟ ತೋರಿಸುತ್ತೇವೆ. ಅಲ್ಲಿ ಹ್ಯಾಶ್ ತಯಾರಾಗುವುದು ಮಗುವಿನ ಫೋನಿನಲ್ಲೇ. ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಆದರೆ ಅದಕ್ಕೆ ಮೂಲ ಫೈಲ್ ಬೇಕು. ಹೆದರಿ ಎಲ್ಲ ಅಳಿಸಿಹಾಕಿದ್ದರೆ ಅದರಿಂದ ಉಪಯೋಗವಿಲ್ಲ.