ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸಲು ಕರಾವಳಿಯಲ್ಲಿ ನೀರಿನ ಲೆಕ್ಕವೇ ಬೇರೆ

ಇಪ್ಪತ್ತೊಂದನೇ ದಿನ ಕಾವುಪೆಟ್ಟಿಗೆ ತೆರೆದಾಗ ಅರ್ಧದಷ್ಟು ಕೋಳಿಮೊಟ್ಟೆಗಳಲ್ಲಿ ಪೂರ್ತಿ ಬೆಳೆದ ಮರಿ ಒಳಗೇ ಸತ್ತಿರುತ್ತದೆ. ಒಡೆದು ನೋಡಿದರೆ ಮರಿಯ ಮೈಯೆಲ್ಲ ಒದ್ದೆ, ಮೂಗಿನ ಸುತ್ತ ಅಂಟಂಟು ದ್ರವ. ಮಂಗಳೂರು, ಉಡುಪಿ ಕಡೆ ಮನೆಯಲ್ಲಿ ಇನ್‌ಕ್ಯುಬೇಟರ್ ಇಟ್ಟುಕೊಂಡವರ ಮುಖ್ಯ ದೂರು ಇದೇ. ಕರೆಂಟು ಹೋದದ್ದಕ್ಕೆ ಸತ್ತವು ಎಂದು ಹೆಚ್ಚಿನವರು ಭಾವಿಸುತ್ತಾರೆ. ಬಹುಪಾಲು ಸಂದರ್ಭದಲ್ಲಿ ಕೊಂದದ್ದು ನೀರು. ಪೆಟ್ಟಿಗೆಯ ಜತೆ ಬರುವ ಸೂಚನಾ ಪತ್ರದಲ್ಲಿ 'ಮೊದಲ ದಿನದಿಂದಲೇ ತಟ್ಟೆ ತುಂಬ ನೀರಿಡಿ' ಎಂದಿರುತ್ತದೆ. ಘಟ್ಟದ ಮೇಲಿನ ಒಣ ಹವೆಗೆ ಅದು ಸರಿ, ಸಮುದ್ರದ ದಂಡೆಗೆ ಅಲ್ಲ.

ಮೊದಲು ಮೊಟ್ಟೆಯ ಆಯ್ಕೆ

ಅಂಗಡಿಯ ಬಿಳಿ ಫಾರ್ಮ್ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ. ಆ ಕೋಳಿಗಳ ಬಳಿ ಹುಂಜವೇ ಇರುವುದಿಲ್ಲ. ಊರಿನ ಕೋಳಿಯಾದರೆ ಎಂಟು–ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹುಂಜವನ್ನು ಹೊಸದಾಗಿ ತಂದು ಬಿಟ್ಟಿದ್ದರೆ ಹತ್ತು ದಿನ ಕಳೆದ ಮೇಲಿನ ಮೊಟ್ಟೆಗಳನ್ನು ಆರಿಸಿ. ಗಿರಿರಾಜದಂಥ ಮಿಶ್ರತಳಿಯ ಮೊಟ್ಟೆಯನ್ನೂ ಮರಿ ಮಾಡಿಸಬಹುದು, ಆದರೆ ತಾಯಿಯ ಗುಣವೆಲ್ಲ ಮರಿಗೆ ಬರುವುದಿಲ್ಲ.

ಮಧ್ಯಮ ಗಾತ್ರದ, ಬಿರುಕಿಲ್ಲದ, ತುದಿ ಸರಿಯಾಗಿ ಗುರುತಾಗುವ ಮೊಟ್ಟೆಗಳನ್ನು ತೆಗೆದುಕೊಳ್ಳಿ. ಹಿಕ್ಕೆ ಮೆತ್ತಿದ್ದನ್ನು ತೊಳೆದು ಇಡುವ ಆಸೆ ಬೇಡ. ತೊಳೆದರೆ ಚಿಪ್ಪಿನ ಮೇಲಿರುವ ರಕ್ಷಣೆಯ ಲೇಪ ಹೋಗುತ್ತದೆ, ಕೊಳೆ ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ಅಂಥದ್ದನ್ನು ಅಡುಗೆಗೆ ಬಳಸಿ.

ಸಂಗ್ರಹಿಸಿಡುವುದರಲ್ಲೇ ಕರಾವಳಿಯ ಮೊದಲ ತೊಡಕು ಇದೆ. ಕಾವಿಗಿಡುವ ಮೊಟ್ಟೆಗೆ 15ರಿಂದ 18 ಡಿಗ್ರಿಯ ತಂಪು ಒಳ್ಳೆಯದು. ನಮ್ಮ ಮನೆಗಳ ಒಳಗೆ 28–32 ಡಿಗ್ರಿ ಇರುತ್ತದೆ. ಇಷ್ಟು ಸೆಕೆಯಲ್ಲಿ ಭ್ರೂಣ ಸುಮ್ಮನೆ ಮಲಗಿರುವುದಿಲ್ಲ, ಅರೆಬರೆಯಾಗಿ ಬೆಳೆಯತೊಡಗಿ ಸೊರಗುತ್ತದೆ. ಹಾಗಾಗಿ ಏಳು ದಿನ ಕೂಡಿಡಬಹುದು ಎಂಬ ಮಾತನ್ನು ಇಲ್ಲಿ ನಾಲ್ಕು ದಿನಕ್ಕೆ ಇಳಿಸಿಕೊಳ್ಳಿ. ಒದ್ದೆ ಮರಳಿನಲ್ಲಿ ಹೂತ ಮಡಕೆಯ ಉಪಾಯ ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಸ್ವಲ್ಪ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ನೀರು ಆರುವುದೇ ಇಲ್ಲವಾದ್ದರಿಂದ ತಂಪೂ ಹುಟ್ಟುವುದಿಲ್ಲ. ಎಸಿ ಕೋಣೆ ಇದ್ದರೆ ಅಲ್ಲಿಡಿ, ಚೂಪು ತುದಿ ಕೆಳಗೆ ಮಾಡಿ.

ತಂಪಿನಿಂದ ತೆಗೆದ ಮೊಟ್ಟೆ ನಮ್ಮ ಹವೆಯಲ್ಲಿ ಎರಡೇ ನಿಮಿಷಕ್ಕೆ ಬೆವರುತ್ತದೆ. ಆ ಬೆವರಿನ ಜತೆ ಚಿಪ್ಪಿನ ಮೇಲಿನ ರೋಗಾಣುಗಳು ಒಳಗೆ ಸೇರುತ್ತವೆ. ಮೊಟ್ಟೆಗಳನ್ನು ತಟ್ಟೆಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರತನ್ನಿ, ಆರು ಗಂಟೆ ಹಾಗೇ ಬಿಡಿ. ನೀರು ಚೀಲದ ಹೊರಮೈಯಲ್ಲಿ ಕೂರುತ್ತದೆ, ಮೊಟ್ಟೆ ಒಣಗಿಯೇ ಇರುತ್ತದೆ.

ಪೆಟ್ಟಿಗೆ

ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಮೀನು ತುಂಬಿಸುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಕಾವಿಗೆ ಹೇಳಿ ಮಾಡಿಸಿದಂತಿದೆ. ಆದರೆ ಮೀನು ಹಾಕಿದ ಹಳೆಯದು ಬೇಡ, ಎಷ್ಟು ತಿಕ್ಕಿದರೂ ಅದರ ಕಣಗಳ ನಡುವೆ ಕೊಳೆ ಉಳಿಯುತ್ತದೆ. ಹೊಸದನ್ನೇ ಕೊಳ್ಳಿ. ಸುಮಾರು 60 ಸೆಂ.ಮೀ. ಉದ್ದ, 40 ಅಗಲ, 35 ಎತ್ತರದ ಪೆಟ್ಟಿಗೆಯಲ್ಲಿ 25–30 ಮೊಟ್ಟೆ ಹಿಡಿಸುತ್ತವೆ.

ಬಿಸಿಗೆ 40 ವಾಟ್‌ನ ಎರಡು ಹಳೇ ಮಾದರಿಯ ತಂತಿ ಬಲ್ಬು ಬೇಕು. ಎಲ್‌ಇಡಿ ಬಿಸಿಯಾಗುವುದಿಲ್ಲ. ಎರಡು ಬಲ್ಬಿಗೂ ವಯರನ್ನು ಬೇರೆ ಬೇರೆಯಾಗಿ ಎಳೆಯಿರಿ. ಒಂದು ಸುಟ್ಟರೂ ಇನ್ನೊಂದು ರಾತ್ರಿ ಕಳೆಸುತ್ತದೆ. ಬಲ್ಬಿನಿಂದ ಥರ್ಮಾಕೋಲಿಗೆ ಕನಿಷ್ಠ 10 ಸೆಂ.ಮೀ. ಅಂತರವಿರಲಿ, ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿ. ಬಿಸಿ ಎಲ್ಲ ಕಡೆ ಸಮವಾಗಿ ಹರಡಲು ಕಂಪ್ಯೂಟರಿನ 12 ವೋಲ್ಟಿನ ಫ್ಯಾನು ಸಾಕು. ಅದು ದಿನವಿಡೀ ತಿರುಗುತ್ತಿರಬೇಕು, ಉಷ್ಣತೆ ನೋಡಿ ಬಲ್ಬನ್ನು ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್‌ನ ರಿಲೇಗೆ (ಸ್ವಿಚ್ಚಿಗೆ) ಜೋಡಿಸಬೇಡಿ. ಕೆಳಗೆ ನಾಲ್ಕು, ಮೇಲೆ ನಾಲ್ಕು, ಒಂದೊಂದು ಸೆಂ.ಮೀ. ಅಗಲದ ಗಾಳಿತೂತು ಕೊರೆಯಿರಿ. ಮುಚ್ಚಳದಲ್ಲಿ ಒಂದು ಗಾಜಿನ ಕಿಟಕಿ ಇದ್ದರೆ ತೆರೆದು ತೆರೆದು ನೋಡುವ ಚಪಲಕ್ಕೆ ಕಡಿವಾಣ ಬೀಳುತ್ತದೆ.

ಡಬ್ಲ್ಯೂ 1209 ಎಂಬ ಅಗ್ಗದ ಥರ್ಮೋಸ್ಟಾಟ್ ಈಗ ಎಲ್ಲ ಕಡೆ ಸಿಗುತ್ತದೆ. ಅದರ ಸೆಟ್ಟಿಂಗ್‌ಗಳಲ್ಲಿ ಪಿ0 ಎಂಬುದು 'ಎಚ್' (ಬಿಸಿ ಮಾಡುವ ಕ್ರಮ) ಆಗಿರಬೇಕು. 'ಸಿ' ಇದ್ದರೆ ಬಿಸಿಯಾದಾಗ ಬಲ್ಬು ಉರಿಯುತ್ತದೆ, ಒಂದೇ ಗಂಟೆಯಲ್ಲಿ ಮೊಟ್ಟೆ ಬೇಯಬಹುದು. ಪಿ1 ಎಂದರೆ ಎಷ್ಟು ಇಳಿದ ಮೇಲೆ ಬಲ್ಬು ಮತ್ತೆ ಹೊತ್ತಬೇಕು ಎಂಬ ಅಂತರ. ಕಾರ್ಖಾನೆಯಿಂದ ಅದು 2 ಡಿಗ್ರಿಗೆ ಬರುತ್ತದೆ, ನೀವು 0.2ಕ್ಕೆ ಇಳಿಸಿ. ಈ ಬೋರ್ಡಿನ ಅಡಿಯಲ್ಲಿ 230 ವೋಲ್ಟ್ ಬಯಲಾಗಿಯೇ ಇರುತ್ತದೆ. ತೇವದ ಊರಿನಲ್ಲಿ ಅದನ್ನು ಹಾಗೇ ನೇತುಹಾಕುವುದು ಅಪಾಯ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ವಯರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿ.

ಸೆನ್ಸರ್ ಮೊಟ್ಟೆಯ ಮೇಲ್ಮೈ ಎತ್ತರದಲ್ಲಿ, ಬಲ್ಬಿನ ನೇರ ಶಾಖ ತಾಗದಂತೆ ಇರಬೇಕು. ಅದು ತೋರಿಸುವ ಅಂಕಿಯನ್ನು ಪರೀಕ್ಷೆ ಮಾಡದೆ ನಂಬಬೇಡಿ. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಜ್ವರದ ಡಿಜಿಟಲ್ ಥರ್ಮಾಮೀಟರನ್ನೂ ಸೆನ್ಸರನ್ನೂ ಒಟ್ಟಿಗೆ ಅದ್ದಿ. ಎಷ್ಟು ವ್ಯತ್ಯಾಸ ಬರುತ್ತದೋ ಅಷ್ಟನ್ನು ಪಿ4ರಲ್ಲಿ ಸರಿಪಡಿಸಿ. ತೇವಾಂಶ ಮಾಪಕಕ್ಕೂ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 68 ತೋರಿಸಿದರೆ ಇನ್ನು ಮುಂದೆ ಪ್ರತಿ ಓದಿಗೂ ಏಳು ಕೂಡಿಸಿಕೊಳ್ಳಿ.

ಪೆಟ್ಟಿಗೆಯನ್ನು ಖಾಲಿಯಾಗಿ 24 ಗಂಟೆ ಓಡಿಸಿ. ಫ್ಯಾನಿರುವ ಪೆಟ್ಟಿಗೆಗೆ ಉಷ್ಣತೆ 37.5 ಡಿಗ್ರಿ. ಅಲ್ಲಿ ಅದು ಅಲುಗದೆ ನಿಂತ ಮೇಲೆ ಮೊಟ್ಟೆ ಇಡಿ. ಇಟ್ಟ ಕೂಡಲೇ ಉಷ್ಣತೆ ಇಳಿಯುತ್ತದೆ, ಮತ್ತೆ ಏರಲು ನಾಲ್ಕಾರು ಗಂಟೆ ಬೇಕಾಗಬಹುದು. ಗಾಬರಿಯಿಂದ ಥರ್ಮೋಸ್ಟಾಟ್ ಏರಿಸಬೇಡಿ.

ನೀರು: ತಕ್ಕಡಿ ಹೇಳಿದಂತೆ

ಮೊದಲ 18 ದಿನ ಒಳಗಿನ ತೇವಾಂಶ ಶೇ 45ರಿಂದ 55ರ ನಡುವೆ ಇರಬೇಕು. ಅದಕ್ಕೆ ಎಷ್ಟು ನೀರು ಬೇಕು ಎಂಬುದನ್ನು ಹೊರಗಿನ ಗಾಳಿ ನಿರ್ಧರಿಸುತ್ತದೆ. ಜುಲೈಯಲ್ಲಿ ಹೊರಗೆ 26 ಡಿಗ್ರಿ, ತೇವಾಂಶ ಶೇ 90 ಇದೆ ಎನ್ನಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾದರೆ ತೇವಾಂಶ ಸುಮಾರು ಶೇ 47ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಆಟಿಯ ಮಳೆಯಲ್ಲಿ ಒಂದು ಹನಿಯೂ ನೀರಿಡದೆ ಲೆಕ್ಕ ಸರಿಹೋಯಿತು. ಏಪ್ರಿಲ್, ಮೇಯಲ್ಲಿ 32 ಡಿಗ್ರಿ, ಶೇ 70 ಇದ್ದರೆ ಒಳಗೆ ಶೇ 52. ಅಲ್ಲಿಯೂ ನೀರು ಬೇಡ. ಜನವರಿಯ ಮುಂಜಾನೆ 21 ಡಿಗ್ರಿ, ಶೇ 75 ಇದ್ದಾಗ ಮಾತ್ರ ಒಳಗೆ ಶೇ 30ಕ್ಕಿಂತ ಕೆಳಗಿಳಿಯುತ್ತದೆ, ನೀರಿಡಲೇಬೇಕು. ತಟ್ಟೆಯ ಆಳದಿಂದ ಏನೂ ಆಗುವುದಿಲ್ಲ, ಬಾಯಿಯ ಅಗಲ ಹೆಚ್ಚಿದಷ್ಟೂ ತೇವ ಹೆಚ್ಚು.

ಮೊಟ್ಟೆಯೊಳಗಿನ ನೀರು ದಿನದಿನವೂ ಸ್ವಲ್ಪ ಸ್ವಲ್ಪ ಆರಿ, ಅಗಲ ತುದಿಯಲ್ಲಿ ಗಾಳಿಕೋಶ ದೊಡ್ಡದಾಗಬೇಕು. ಕೊನೆಗೆ ಮರಿ ಮೊದಲ ಉಸಿರು ತೆಗೆಯುವುದು ಆ ಗಾಳಿಯಲ್ಲಿ. ನೀರು ಆರದಿದ್ದರೆ ಕೋಶ ಚಿಕ್ಕದಾಗುತ್ತದೆ, ಮರಿ ಕೊಕ್ಕೆತ್ತಿದಲ್ಲಿ ಗಾಳಿಯ ಬದಲು ದ್ರವ ಸಿಗುತ್ತದೆ. ಆರಂಭದಲ್ಲಿ ಹೇಳಿದ ಒದ್ದೆ ಮರಿ ಮುಳುಗಿದ್ದು ಹೀಗೆ.

ಆದ್ದರಿಂದ ಮಾಪಕಕ್ಕಿಂತ ತಕ್ಕಡಿಯನ್ನು ನಂಬಿ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಉತ್ತಮ. ಹತ್ತು ಮೊಟ್ಟೆಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಒಂದೊಂದರ ತೂಕವನ್ನೂ ಪುಸ್ತಕದಲ್ಲಿ ಗುರುತಿಸಿ. ಹದಿನೆಂಟನೇ ದಿನಕ್ಕೆ ತೂಕ ಶೇ 12ರಷ್ಟು ಇಳಿದಿರಬೇಕು. ಊರಿನ ಕೋಳಿಯ ಹತ್ತು ಮೊಟ್ಟೆ ಮೊದಲ ದಿನ 420 ಗ್ರಾಂ ಇದ್ದರೆ ಆರನೇ ದಿನ 403, ಹನ್ನೆರಡನೇ ದಿನ 386, ಹದಿನೆಂಟನೇ ದಿನ 370 ಗ್ರಾಂ ಆಸುಪಾಸು ಬರಬೇಕು. ನಡುವೆ ಕೆಟ್ಟ ಮೊಟ್ಟೆ ತೆಗೆದರೆ ಅದರ ತೂಕವನ್ನು ಮೊದಲಿನ ಲೆಕ್ಕದಿಂದಲೂ ಕಳೆಯಿರಿ. ಹನ್ನೆರಡನೇ ದಿನ 395 ಇದ್ದರೆ ಆರುವುದು ಸಾಲದು. ನೀರಿದ್ದರೆ ತೆಗೆಯಿರಿ, ಗಾಳಿತೂತು ಎಲ್ಲ ಬಿಚ್ಚಿ, ಅನ್ನ ಬೇಯುವ ಅಡುಗೆಕೋಣೆಯಿಂದಲೂ ಬಚ್ಚಲಿನ ಪಕ್ಕದಿಂದಲೂ ಪೆಟ್ಟಿಗೆಯನ್ನು ದೂರ ಸಾಗಿಸಿ. ಅದಕ್ಕೂ ಬಗ್ಗದಿದ್ದರೆ ದಿನಕ್ಕೆ ಕೆಲವು ಗಂಟೆ ಎಸಿ ಕೋಣೆಯಲ್ಲಿಡಿ. ಎಸಿಯ ಗಾಳಿ ಒಣಗಾಳಿ.

ತಿರುಗಿಸುವುದು, ಬೆಳಕಿಗೆ ಹಿಡಿಯುವುದು

ಒಂದು ಬದಿಗೆ ಗುಣಾಕಾರ ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ, ಪೆನ್ಸಿಲಿನಲ್ಲೇ ಬರೆಯಿರಿ. ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ ತಿರುಗಿಸಿ. ಐದು ಸಲ ಎಂಬ ಬೆಸ ಸಂಖ್ಯೆಯಿಂದಾಗಿ ದೀರ್ಘ ರಾತ್ರಿಯಲ್ಲಿ ಪ್ರತಿದಿನ ಬೇರೆ ಬದಿ ಮೇಲಿರುತ್ತದೆ. ತಿರುಗಿಸದಿದ್ದರೆ ಹಳದಿ ಮೇಲೇರಿ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮೊದಲ ವಾರ ಇದರಲ್ಲಿ ಉದಾಸೀನ ಮಾಡಿದರೆ ಆಮೇಲೆ ಸರಿಪಡಿಸಲಾಗದು.

ಏಳನೇ ದಿನ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ಅಗಲ ತುದಿಯನ್ನು ಇಟ್ಟು ನೋಡಿ. ಜೀವವಿದ್ದರೆ ನಡುವೆ ಕಪ್ಪು ಚುಕ್ಕೆ, ಅದರಿಂದ ಜೇಡನ ಕಾಲಿನಂತೆ ಹೊರಟ ಕೆಂಪು ನರಗಳು ಕಾಣುತ್ತವೆ. ಏನೂ ಇಲ್ಲದೆ ಬೆಳಗಿದರೆ ಅದು ಹುಂಜ ಸೇರದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಮೊದಲ ದಿನಗಳಲ್ಲೇ ಸತ್ತಿದೆ. ಅಂಥವು ಹೆಚ್ಚಿದ್ದರೆ ಸೆಕೆಯಲ್ಲಿ ಕೂಡಿಟ್ಟದ್ದನ್ನೋ ಉಷ್ಣತೆ ಏರಿಳಿದದ್ದನ್ನೋ ಅನುಮಾನಿಸಿ. ಹದಿನಾಲ್ಕನೇ ದಿನ ಇನ್ನೊಮ್ಮೆ ನೋಡಿ. ವಾಸನೆ ಬರುವ, ಚಿಪ್ಪಿನಲ್ಲಿ ಹನಿ ಒಸರುವ ಮೊಟ್ಟೆಯನ್ನು ತಕ್ಷಣ ಹೊರಹಾಕಿ. ಅದು ಒಳಗೆ ಸಿಡಿದರೆ ಉಳಿದವೂ ಕೆಡುತ್ತವೆ.

ಕರೆಂಟು ಹೋದರೆ

ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ಮೂರು ನಾಲ್ಕು ಗಂಟೆ ಕತ್ತಲಾಗುವುದು ಮಳೆಗಾಲದಲ್ಲಿ ಸಾಮಾನ್ಯ. ಮೊಟ್ಟೆ ತಣ್ಣಗಾಗುವುದನ್ನು ಸಹಿಸುತ್ತದೆ, ಅತಿ ಬಿಸಿಯನ್ನು ಸಹಿಸುವುದಿಲ್ಲ. ಗಾಳಿತೂತು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿ. ಕೈಗೆ ತಾಳುವಷ್ಟು ಬಿಸಿನೀರಿನ ಎರಡು ಬಾಟಲಿಗಳನ್ನು ಒಳಗೆ ನಿಲ್ಲಿಸಿ, ಆರಿದಂತೆ ಬದಲಿಸಿ. ಹೊರಗೇ 26 ಡಿಗ್ರಿ ಇರುವ ನಮ್ಮ ಊರಿನಲ್ಲಿ ಅಷ್ಟಕ್ಕೇ ಮರಿ ಸಾಯುವುದು ಅಪರೂಪ, ಕೆಲವು ಗಂಟೆ ತಡವಾಗಿ ಹೊರಬರಬಹುದು. ಕೊನೆಯ ವಾರದಲ್ಲಿ ಮರಿಗಳೇ ಶಾಖ ಬಿಡುತ್ತವೆ, ಫ್ಯಾನು ನಿಂತಾಗ ತೂತು ಮುಚ್ಚಿದ್ದರೆ ಉಸಿರುಕಟ್ಟುತ್ತದೆ. ಮನೆಯ ಇನ್ವರ್ಟರ್‌ಗೆ ಈ ಪೆಟ್ಟಿಗೆ ಭಾರವಲ್ಲ. 150 ಎಎಚ್ ಬ್ಯಾಟರಿ ಬೇರೇನೂ ಹೊರೆಯಿಲ್ಲದಿದ್ದರೆ ಹತ್ತು ಗಂಟೆಗೂ ಮೀರಿ ನಡೆಸುತ್ತದೆ.

ಕೊನೆಯ ಮೂರು ದಿನ

ಹದಿನೆಂಟನೇ ದಿನ ತಿರುಗಿಸುವುದನ್ನು ನಿಲ್ಲಿಸಿ. ಮೊಟ್ಟೆಯ ಅಡಿಗೆ ತೆಳು ಗೋಣಿ ಹಾಸಿ, ಜಾರುವ ಪೇಪರ್ ಹಾಸಿದರೆ ಮರಿಯ ಕಾಲು ಅಗಲಕ್ಕೆ ಸರಿದು ಸೊಟ್ಟಗಾಗುತ್ತದೆ. ಈಗ ಯಾವ ಕಾಲವಾದರೂ ನೀರು ಬೇಕು, ತೇವಾಂಶ ಶೇ 65ರಿಂದ 70. ಅಗಲ ತಟ್ಟೆಯಲ್ಲಿ ಬೆಚ್ಚನೆಯ ನೀರು, ಅದರಲ್ಲೊಂದು ಸ್ಪಂಜು. ಮರಿ ಬಿದ್ದು ಮುಳುಗದಂತೆ ಮೇಲೆ ಬಲೆ ಮುಚ್ಚಿ. ಗಾಳಿತೂತು ಎಲ್ಲ ತೆರೆದಿರಲಿ. ಪೆಟ್ಟಿಗೆ ಇಟ್ಟ ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಚಿಪ್ಪು ಒಡೆದ ವಾಸನೆಗೆ ಇರುವೆ ಸಾಲುಗಟ್ಟಿ ಬಂದು ಅರೆ ಹೊರಬಂದ ಮರಿಯನ್ನು ಕಚ್ಚಿ ಕೊಲ್ಲುತ್ತವೆ.

ಇಪ್ಪತ್ತನೇ ದಿನ ಕಿವಿಗೊಟ್ಟರೆ ಒಳಗಿಂದ ಸಣ್ಣ ಕೀಚಲು ಕೇಳುತ್ತದೆ. ಅಗಲ ತುದಿಯ ಬಳಿ ಚಿಪ್ಪು ನಕ್ಷತ್ರದಂತೆ ಉಬ್ಬಿ ಬಿರಿಯುತ್ತದೆ, ಕಡಲೆಕಾಳಿನಷ್ಟು ತೂತಿನಲ್ಲಿ ಕೊಕ್ಕಿನ ತುದಿಯ ಬಿಳಿ ಮುಳ್ಳು ಕಾಣುತ್ತದೆ. ಆಮೇಲೆ ಏನೂ ನಡೆಯದು. ಹನ್ನೆರಡು ಗಂಟೆ, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಮರಿ ಸುಮ್ಮನಿರುತ್ತದೆ. ಬಳಲಿದೆ ಎಂದು ಕನಿಕರದಿಂದ ಚಿಪ್ಪು ಬಿಡಿಸಲು ಹೋಗಬೇಡಿ. ಆ ಹೊತ್ತಿನಲ್ಲಿ ಅದು ಒಳಪೊರೆಯ ನರಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಅವಸರದಲ್ಲಿ ಪೊರೆ ಹರಿದರೆ ರಕ್ತ ಸೋರಿ ಸಾಯುತ್ತದೆ. ಮುಚ್ಚಳವನ್ನೂ ತೆರೆಯಬೇಡಿ. ಒಮ್ಮೆ ತೆರೆದರೆ ತೇವ ಹೊರಹೋಗಿ, ಬಿಳಿಯಾಗಿದ್ದ ಪೊರೆ ಕಂದುಗಟ್ಟಿ ಚರ್ಮದಂತೆ ಮರಿಗೆ ಬಿಗಿಯುತ್ತದೆ.

ಹೊರಬಂದ ಮರಿಗೆ ಹೊಟ್ಟೆಯೊಳಗಿನ ಹಳದಿಯೇ ಎರಡು ದಿನದ ಆಹಾರ. ಪೂರ್ತಿ ಒಣಗಿ ಹತ್ತಿಯಂತಾದ ಮೇಲೆ ಒಟ್ಟಿಗೆ ತೆಗೆಯಿರಿ. ಹತ್ತೊಂಬತ್ತನೇ ದಿನವೇ, ಹೊಕ್ಕುಳು ಮುಚ್ಚದೆ ಬಂದರೆ ಉಷ್ಣತೆ ಅರ್ಧ ಡಿಗ್ರಿ ಹೆಚ್ಚಿತ್ತು ಎಂದರ್ಥ. ಇಪ್ಪತ್ತಮೂರಕ್ಕೆ ಹೊಟ್ಟೆ ಊದಿ ಬಂದರೆ ಕಡಿಮೆಯಿತ್ತು.

ಮರಿ ಹೊರಬಂದ ಮೇಲೆ

ರಟ್ಟಿನ ಸುತ್ತುಗೋಡೆಯೊಳಗೆ ಎರಡಿಂಚು ಒಣ ಉಮಿ, ಮೊದಲೆರಡು ದಿನ ಅದರ ಮೇಲೆ ಗೋಣಿ, ಒಂದಡಿ ಎತ್ತರದಲ್ಲಿ 60 ವಾಟ್ ಬಲ್ಬು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಮರಿಗಳು ಬಲ್ಬಿನಡಿ ರಾಶಿಬಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಚಿಕ್ ಸ್ಟಾರ್ಟರ್ ಆಹಾರ ಕೊಡಿ, ಬರೀ ಕುಚ್ಚಲಕ್ಕಿ ನುಚ್ಚಿನಲ್ಲಿ ಸಾಕಷ್ಟು ಪ್ರೋಟೀನ್ ಇಲ್ಲ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳಿರಲಿ.

ಮಳೆಗಾಲದಲ್ಲಿ ಉಮಿ ಎರಡೇ ದಿನಕ್ಕೆ ಒದ್ದೆಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದಾಗ ಉಂಡೆಕಟ್ಟಿದರೆ ಬದಲಿಸಿ. ಮೂರನೇ ವಾರದಿಂದ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಒದ್ದೆ ನೆಲದಿಂದ ಬರುವ ರಕ್ತಭೇದಿ ಇರಬಹುದು, ಅದೇ ದಿನ ಪಶು ಆಸ್ಪತ್ರೆಗೆ ತೋರಿಸಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಇನ್ನೊಮ್ಮೆ. ಎರಡನೇ ವಾರದಲ್ಲಿ ಗಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ. ಸೀಸೆಗಳು ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ ಬರುತ್ತವೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ನೆರೆಕರೆಯಲ್ಲಿ ಕೋಳಿ ಸಾಕುವವರ ಜತೆ ದಿನ ಗೊತ್ತುಮಾಡಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಒಂದೇ ಸೀಸೆ ತಂದು ಹಂಚಿಕೊಳ್ಳಿ.