ಎಡ ಕಾರ್ನರ್‌ನಿಂದ ಗೆರೆಯಾಚೆಗೆ: ಕಬಡ್ಡಿ ಕೋಚ್ ಆದ ನನ್ನ ಅನುಭವ

ನಾನು ಆಡುತ್ತಿದ್ದ ಜಾಗ ಎಡ ಕಾರ್ನರ್, ಅಂದರೆ ಮುಟ್ಟಲು ಬರುವ ಎದುರಾಳಿ ರೈಡರ್‌ನನ್ನು ಎಡ ಮೂಲೆಯಲ್ಲಿ ನಿಂತು ಹಿಡಿಯುವವನ ಜಾಗ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ನನ್ನನ್ನು ಅಲ್ಲಿ ನಿಲ್ಲಿಸಿದ್ದು 2003ರಲ್ಲಿ. ಮೊಣಕಾಲು ಕೈಕೊಡುವವರೆಗೆ ಅಲ್ಲೇ ನಿಂತೆ. ಮಂಡ್ಯ ಕಡೆಯ ಹಳ್ಳಿ ನಮ್ಮದು. ಗದ್ದೆ ಬಯಲಿನಲ್ಲಿ ಮಣ್ಣು ಜರಡಿ ಹಿಡಿದು, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು ಅಂಕಣ ಮಾಡಿಕೊಳ್ಳುತ್ತಿದ್ದೆವು. ಹಬ್ಬದ ಸಮಯದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತಿತ್ತು. ಗೆದ್ದವರಿಗೆ ದುಡ್ಡು, ಕೆಲವು ಕಡೆ ಟಗರು. ಬೆಳಗಿನ ಜಾವ ಮೂರು ಗಂಟೆಗೆ ಫೈನಲ್ ಆಡಿ, ಟೆಂಪೋ ಹಿಂದೆ ಮಲಗಿಕೊಂಡು ಊರಿಗೆ ಬರುತ್ತಿದ್ದೆವು. ನನಗೆ ಆಟ ಹತ್ತಿದ್ದು ಹಾಗೆ.

ಆಮೇಲೆ ಬೆಂಗಳೂರಿನ ಒಂದು ಸಂಸ್ಥೆಯ ತಂಡ, ಕ್ರೀಡಾ ಕೋಟಾದಲ್ಲಿ ಕೆಲಸ, ಮ್ಯಾಟ್ ಮೇಲೆ ಆಟ. ಬರಿಗಾಲಿನಲ್ಲಿ ಮಣ್ಣಿನ ಮೇಲೆ ಆಡಿದವನಿಗೆ ಮ್ಯಾಟ್ ಬೇರೆಯೇ ಲೋಕ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಆ ಜಾರುವಿಕೆ ಮಂಡಿಯನ್ನು ಕಾಪಾಡುತ್ತದೆ. ಮ್ಯಾಟ್ ಮೇಲೆ ಶೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಾಲು ನಿಂತಲ್ಲೇ ನಿಂತು ದೇಹ ಮಾತ್ರ ತಿರುಗಿದರೆ ಆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಇದನ್ನು ನನಗೆ ಆಗ ಯಾರೂ ಹೇಳಿರಲಿಲ್ಲ. ಈಗ ಮಣ್ಣಿನಿಂದ ಬರುವ ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುತ್ತೇನೆ.

ಪ್ರೊ ಕಬಡ್ಡಿ ಲೀಗ್ ಶುರುವಾಗಿದ್ದು 2014ರಲ್ಲಿ. ನಮ್ಮಂಥವರ ಬದುಕು ಅಲ್ಲಿಂದ ಬದಲಾಯಿತು. ಟಿವಿಯಲ್ಲಿ ಕಬಡ್ಡಿ ಬರುತ್ತದೆ ಅಂದರೆ ನಮ್ಮ ಅವ್ವ ನಂಬಿರಲಿಲ್ಲ. ನಾನೂ ಎರಡು ಸೀಸನ್ ಒಂದು ತಂಡದಲ್ಲಿದ್ದೆ. ಜಾಸ್ತಿ ಪಂದ್ಯ ಬೆಂಚಿನ ಮೇಲೆ, ಕೆಲವು ಅಂಕಣದಲ್ಲಿ. 2017ರ ಸೀಸನ್ ಮುಗಿಯುವ ಹೊತ್ತಿಗೆ, ಅಭ್ಯಾಸದಲ್ಲಿ, ಒಬ್ಬ ರೈಡರ್‌ನ ಕಾಲು ಹಿಡಿದು ತಿರುಗುವಾಗ ಮಂಡಿಯಲ್ಲಿ ಟಕ್ ಅಂತ ಸದ್ದಾಯಿತು. ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಒಂಬತ್ತು ತಿಂಗಳು ಅಂಕಣಕ್ಕೆ ಇಳಿಯಬೇಡ ಅಂದಿದ್ದರು. ಜಾಗ ಹೋಗಿಬಿಡುತ್ತದೆ ಅನ್ನುವ ಭಯದಲ್ಲಿ ಆರೇ ತಿಂಗಳಿಗೆ ಇಳಿದೆ. ಅದೇ ಮಂಡಿ ಮತ್ತೆ ಹೋಯಿತು. ಜೊತೆಗೆ ಜಾಗವೂ ಹೋಯಿತು.

2018ರ ಆಗಸ್ಟ್‌ನಲ್ಲಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಜಕಾರ್ತ ಏಷ್ಯನ್ ಗೇಮ್ಸ್ ನೋಡುತ್ತಿದ್ದೆ. 1990ರಿಂದ ಒಂದು ಸಲವೂ ಚಿನ್ನ ಬಿಟ್ಟುಕೊಡದ ನಮ್ಮ ಗಂಡಸರ ತಂಡ ಸೆಮಿಫೈನಲ್‌ನಲ್ಲಿ ಇರಾನ್ ಎದುರು 18-27ರಲ್ಲಿ ಸೋತಿತು. ಮಾರನೇ ದಿನ ಹೆಣ್ಣುಮಕ್ಕಳ ಫೈನಲ್. ಅಲ್ಲೂ ಇರಾನ್, 24-27. ಸೋತ ನೋವು ಒಂದು ಕಡೆ. ಇರಾನ್ ಹೆಣ್ಣುಮಕ್ಕಳಿಗೆ ಕಲಿಸಿದವರು ನಾಸಿಕ್‌ನ ಶೈಲಜಾ ಜೈನ್ ಅಂತ ಗೊತ್ತಾದಾಗ ಮಾತ್ರ ಎದ್ದು ಕೂತೆ. ಭಾಷೆ ಬೇರೆ, ಊಟ ಬೇರೆ, ದೇಶ ಬೇರೆ. ಅಲ್ಲಿ ಹೋಗಿ ಒಬ್ಬ ಕೋಚ್ ಒಂದು ತಂಡವನ್ನು ಇಷ್ಟು ಎತ್ತರಕ್ಕೆ ಏರಿಸಬಹುದಾ? ಅಲ್ಲಿಯವರೆಗೆ ಕೋಚ್ ಅಂದರೆ ನನ್ನ ಲೆಕ್ಕದಲ್ಲಿ ವಿಸಿಲ್ ಊದಿ ಓಡಿಸುವವರು, ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ವರ್ಷ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರಗಳ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದೆ. ಪೂರ್ತಿ ಡಿಪ್ಲೊಮಾಗೆ ಒಂದು ವರ್ಷ ಬೇಕು, ಮನೆ ಪರಿಸ್ಥಿತಿ ಬಿಡಲಿಲ್ಲ. ಮೂಳೆ, ಸ್ನಾಯು, ಉಸಿರು, ಆಯಾಸ, ಮನಸ್ಸು, ಎಲ್ಲದರ ಬಗ್ಗೆಯೂ ಪಾಠ. ಕಾಲೇಜಿನಲ್ಲಿ ಹಿಂದಿನ ಬೆಂಚಿನವನಾಗಿದ್ದ ನಾನು ಇಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡೆ. ಹದಿನೈದು ವರ್ಷ ನನ್ನ ದೇಹದೊಳಗೆ ಏನು ನಡೆಯುತ್ತಿತ್ತು ಅನ್ನುವುದು ಆಗ ಅರ್ಥವಾಯಿತು.

ಮೊದಲ ತಂಡ ಸಿಕ್ಕಿದ್ದು ನಮ್ಮ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ. ಹೆಣ್ಣುಮಕ್ಕಳ ತಂಡ. ಸಂಬಳ ಇಲ್ಲ, ಬಸ್ ಚಾರ್ಜು ನನ್ನದೇ. ಲೀಗ್‌ನಲ್ಲಿ ಆಡಿದವನು ಬರುತ್ತಾನೆ ಅಂತ ಮಕ್ಕಳೆಲ್ಲ ಕಾದಿದ್ದರು. ನನಗೂ ಧೈರ್ಯ ಇತ್ತು. ಕಾರ್ನರ್ ಆಟ ನನಗಿಂತ ಚೆನ್ನಾಗಿ ಇವರಿಗೆ ಯಾರು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ ಹಿಂದಿನ ಗೆರೆಗೆ ಆರೂವರೆ ಮೀಟರ್. ನಡುಗೆರೆಯಿಂದ 3.75 ಮೀಟರ್‌ಗೆ ರೈಡರ್ ದಾಟಬೇಕಾದ ಬಾಕ್ ಲೈನ್, ಅದರಾಚೆ ಇನ್ನೊಂದು ಮೀಟರ್‌ಗೆ ಬೋನಸ್ ಗೆರೆ. ಅಂದರೆ ಬೋನಸ್ ಗೆರೆಯ ಹಿಂದೆ ಉಳಿಯುವುದು ಬರೀ ಒಂದೂಮುಕ್ಕಾಲು ಮೀಟರ್. ಕಾರ್ನರ್‌ನವನ ಸಂಸಾರ ಅಷ್ಟರಲ್ಲೇ ನಡೆಯಬೇಕು. ಎದುರಿಗೆ ಆರು ಅಥವಾ ಏಳು ಜನ ಇರುವಾಗ ರೈಡರ್ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಒಂದು ಪಾಯಿಂಟ್. ಆದರೆ ಆ ಕಾಲು ನೆಲ ಮುಟ್ಟುವಾಗ ಅವನ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಅಂದರೆ ಆ ಕ್ಷಣದಲ್ಲಿ ಅವನು ಒಂಟಿಕಾಲಿನಲ್ಲಿ ನಿಂತಿರುತ್ತಾನೆ. ನಮಗೆ ಬೇಕಾಗಿರುವುದೇ ಆ ಕ್ಷಣ. ಅದಕ್ಕಿಂತ ಮೊದಲು ಹಿಡಿಯಲು ಬಿದ್ದರೆ ಅವನು ಹಾರಿ ಹೋಗುತ್ತಾನೆ, ಆಮೇಲೆ ಬಿದ್ದರೆ ಅವನ ಕಾಲು ವಾಪಸ್ ಹೋಗಿರುತ್ತದೆ.

ಮೂರು ವಾರ ನಾನು ಒಂದೇ ಮಾತು ಕೂಗಿದೆ. "ಕಾಲು ನೋಡು, ಕಾಲು ನೋಡು!" ಮಕ್ಕಳು ಕಾಲು ನೋಡಿದರು. ಕಾಲು ನೋಡಿ ನೋಡಿ ಮೋಸ ಹೋದರು. ರೈಡರ್ ಹುಡುಗಿ ಸುಮ್ನೆ ಹೆಜ್ಜೆ ತೋರಿಸಿದರೆ ಸಾಕು, ಕಾರ್ನರ್ ಹುಡುಗಿ ನೆಲಕ್ಕೆ ಬೀಳುತ್ತಿದ್ದಳು. ನಾನು ಒಳಗೆ ಇಳಿದು ಹಿಡಿದು ತೋರಿಸುತ್ತಿದ್ದೆ. ನನ್ನ ಕೈಗೆ ಸಿಗುತ್ತಿತ್ತು, ಅವರ ಕೈಗೆ ಇಲ್ಲ. ನನ್ನ ದನಿ ದಿನದಿನಕ್ಕೆ ಏರಿತು. ನನಗೆ ಕಲಿಸಿದವರು ಬೆತ್ತ ಹಿಡಿದಿದ್ದರು. ನಾನು ಬೆತ್ತ ಹಿಡಿಯಲಿಲ್ಲ, ಆದರೆ ಬಾಯಿ ಬೆತ್ತಕ್ಕಿಂತ ಕಡಿಮೆ ಇರಲಿಲ್ಲ. ಅದರಿಂದ ಮಕ್ಕಳು ಇನ್ನೂ ಬೇಗ ಬೇಗ ಬೀಳತೊಡಗಿದರು. ಹೆದರಿದವರು ಕಾಯುವುದಿಲ್ಲ. ಕಾರ್ನರ್ ಅಂದರೆ ಕಾಯುವ ಕೆಲಸ.

ಒಂದು ಸಂಜೆ ಒಂಬತ್ತನೇ ಕ್ಲಾಸಿನ ಹುಡುಗಿ, ಮಂಡಿಯ ಮಣ್ಣು ಒರೆಸಿಕೊಳ್ಳುತ್ತ ಕೇಳಿದಳು. "ಸಾ, ನೀವ್ ಆಡೋವಾಗ ಎಲ್ ನೋಡ್ತಿದ್ರಿ?"

ಕಾಲು ಅಂತ ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ನಿಜವಾಗಿ ನನಗೆ ಗೊತ್ತಿರಲಿಲ್ಲ.

ಮನೆಗೆ ಹೋಗಿ ಫೋನಿನಲ್ಲಿ ನನ್ನ ಹಳೆಯ ಪಂದ್ಯಗಳ ವಿಡಿಯೊ ತೆಗೆದೆ. ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನಿಲ್ಲಿಸಿ ನೋಡಿದೆ. ಒಂದೇ ಹಿಡಿತವನ್ನು ಇಪ್ಪತ್ತು ಸಲ ನೋಡಿರಬೇಕು. ನನ್ನ ತಲೆ ಎಲ್ಲೂ ಕೆಳಗೆ ಬಗ್ಗಿರಲಿಲ್ಲ. ಕಣ್ಣು ರೈಡರ್‌ನ ಸೊಂಟದ ಮಟ್ಟದಲ್ಲಿತ್ತು. ಸೊಂಟ ತಿರುಗಿದ ಮೇಲೆಯೇ ನಾನು ಅಲುಗಾಡಿದ್ದೆ. ಯೋಚನೆ ಮಾಡಿದರೆ ಸರಿಯಾಗಿಯೇ ಇದೆ ಅಲ್ವಾ? ರೈಡರ್ ಕಾಲಿನಿಂದ ಸುಳ್ಳು ಹೇಳಬಹುದು, ಕೈಯಿಂದ, ಭುಜದಿಂದ, ಕಣ್ಣಿನಿಂದಲೂ ಹೇಳಬಹುದು. ದೇಹದ ಭಾರ ಇರುವುದು ಸೊಂಟದಲ್ಲಿ. ಎಲ್ಲಿಗೆ ಹೋಗಬೇಕಾದರೂ ಅದು ತಿರುಗಲೇಬೇಕು. ಇಷ್ಟು ವರ್ಷ ನನ್ನ ದೇಹಕ್ಕೆ ಗೊತ್ತಿದ್ದದ್ದು ನನ್ನ ನಾಲಿಗೆಗೆ ಗೊತ್ತಿರಲಿಲ್ಲ. ಆಟಗಾರನಾಗಿ ಅದರಿಂದ ಏನೂ ನಷ್ಟ ಆಗಿರಲಿಲ್ಲ. ಕೋಚ್ ಆಗಿ ಮೂರು ವಾರ ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೆ.

ಮಾರನೇ ದಿನ ಮಕ್ಕಳನ್ನು ಕೂರಿಸಿಕೊಂಡು, ನಾನು ಹೇಳಿದ್ದು ತಪ್ಪು ಅಂದೆ. ಮೇಷ್ಟ್ರು ತಪ್ಪು ಒಪ್ಪಿಕೊಳ್ಳುವುದು ಅವರಿಗೆ ಹೊಸದು. ಆಮೇಲೆ ರೈಡರ್‌ಗಳ ಸೊಂಟಕ್ಕೆ ಕೆಂಪು ಟವೆಲ್ ಕಟ್ಟಿಸಿದೆ. ಮೊದಲ ವಾರ ಹಿಡಿಯುವುದು ಬೇಡ. ಟವೆಲ್ ಯಾವ ಕಡೆ ತಿರುಗಿತು ಅಂತ ಕಾರ್ನರ್ ಹುಡುಗಿ ಜೋರಾಗಿ ಹೇಳಬೇಕು, ಅಷ್ಟೇ. ಎರಡನೇ ವಾರ ಒಂದು ಹೆಜ್ಜೆ ಇಡಬೇಕು. ಮೂರನೇ ವಾರ ನಿಧಾನವಾಗಿ ಬರುವ ರೈಡರ್‌ನ ಕಾಲು ಹಿಡಿಯಬೇಕು. ಹಿಡಿಯುವಾಗ ಮುಖ ಅವಳ ಮೊಣಕಾಲಿನ ಎದುರಿಗೆ ಬರಬಾರದು, ತಲೆ ಪಕ್ಕಕ್ಕೆ. ಇದು ಹಲ್ಲಿನ ಪ್ರಶ್ನೆ, ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಎರಡೂ ಕೈಯಿಂದ ಹಿಮ್ಮಡಿಯ ಮೇಲೆ ಹಿಡಿದು ಎದೆಗೆ ಎಳೆದುಕೊಳ್ಳಬೇಕು. ಅಷ್ಟರಲ್ಲಿ ಕವರ್, ಅಂದರೆ ನೆರವಿಗೆ ನಿಂತ ಆಟಗಾರ್ತಿ, ಬಂದು ಮೇಲೆ ಬೀಳಬೇಕು. ಒಬ್ಬಳೇ ಹಿಡಿದಿದ್ದು ಹಿಡಿತ ಅಲ್ಲ, ಬೇಡಿಕೆ. ಪಕ್ಕದವಳು ಬಂದರೆ ಮಾತ್ರ ಅದು ಹಿಡಿತ.

ನಾಲ್ಕನೇ ವಾರ ಆ ಹುಡುಗಿ ಟವೆಲ್ ಇಲ್ಲದ ರೈಡರ್‌ನ ಕಾಲನ್ನು ಬೋನಸ್ ಗೆರೆಯ ಮೇಲೆ ಹಿಡಿದಳು. ನಾನು ಲೀಗ್‌ನಲ್ಲಿ ಹಿಡಿದ ಯಾವ ಹಿಡಿತವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ತೂಕದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಬಡ್ಡಿಯಲ್ಲಿ ವಯಸ್ಸಿನ ಗುಂಪಿಗೆ ತಕ್ಕ ಹಾಗೆ ತೂಕದ ಮಿತಿ ಇದೆ. ಸೀನಿಯರ್ ಗಂಡಸರಿಗೆ 85 ಕೆಜಿ, ಹೆಂಗಸರಿಗೆ 75. ನಾವು ಆಡುವಾಗ ಪಂದ್ಯದ ಹಿಂದಿನ ಎರಡು ದಿನ ಊಟ ಬಿಟ್ಟು, ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡಿ ತೂಕ ಇಳಿಸುತ್ತಿದ್ದೆವು. ಅದು ಗಂಡಸುತನ ಅಂದುಕೊಂಡಿದ್ದೆವು. ಶಾಲೆಯ ಒಬ್ಬ ಹುಡುಗಿ ಯಾರಿಗೂ ಹೇಳದೆ ಹಾಗೇ ಮಾಡಿ, ತಕ್ಕಡಿ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಳು. ಅವಳ ಅಪ್ಪ ಬಂದು, "ಮೇಷ್ಟ್ರೇ, ನಿಮ್ಮನ್ನ ನಂಬಿ ಕಳ್ಸಿದ್ದೀವಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ತೂಕ ನೋಡುತ್ತೇನೆ, ಪುಸ್ತಕದಲ್ಲಿ ಬರೆಯುತ್ತೇನೆ. ಮಿತಿ ಹತ್ತಿರ ಬಂದವರಿಗೆ ಒಂದೂವರೆ ತಿಂಗಳು ಮೊದಲೇ ಹೇಳುತ್ತೇನೆ. ಮುದ್ದೆ, ಮೊಳಕೆ ಕಾಳು, ಮೊಟ್ಟೆ, ಸೊಪ್ಪು, ಇದರಲ್ಲಿ ಯಾವುದನ್ನೂ ಬಿಡಿಸುವುದಿಲ್ಲ. ಬೇಕರಿ ತಿಂಡಿ, ಜ್ಯೂಸು ಬಿಡಿಸುತ್ತೇನೆ. ಆಗಲೂ ಇಳಿಯದಿದ್ದರೆ ಆ ಪಂದ್ಯ ಆಡಿಸುವುದಿಲ್ಲ. ಒಳ್ಳೆಯ ಆಟಗಾರರನ್ನು ಹಾಗೆ ಹೊರಗಿಟ್ಟು ಸೋತಿದ್ದೇನೆ. ಸೋಲಿನ ಬಗ್ಗೆ ಬೇಜಾರಿದೆ, ಹೊರಗಿಟ್ಟಿದ್ದಕ್ಕೆ ಇಲ್ಲ.

ಟೈಮ್‌ಔಟ್ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಗಂಡಸರ ಪಂದ್ಯದಲ್ಲಿ ಒಂದು ಹಾಫ್ 20 ನಿಮಿಷ. ಪ್ರತಿ ಹಾಫ್‌ನಲ್ಲಿ ತಂಡಕ್ಕೆ ಎರಡು ಟೈಮ್‌ಔಟ್, ಒಂದೊಂದಕ್ಕೆ 30 ಸೆಕೆಂಡ್. ಒಂದು ರೈಡ್‌ಗೂ ಅಷ್ಟೇ ಸಮಯ. ಮೊದಲ ಜಿಲ್ಲಾ ಪಂದ್ಯದಲ್ಲಿ ಆ ಅರ್ಧ ನಿಮಿಷದಲ್ಲಿ ನಾನು ಆರು ವಿಷಯ ಹೇಳಿದೆ. ಮಕ್ಕಳು ಆರಕ್ಕೂ ತಲೆ ಆಡಿಸಿದರು, ಒಂದನ್ನೂ ಮಾಡಲಿಲ್ಲ. ಉಸಿರು ಸಿಗದೆ ಏದುಸಿರು ಬಿಡುವವರ ಕಿವಿಗೆ ಮಾತು ಇಳಿಯುವುದಿಲ್ಲ. ಈಗ ಮೊದಲ ಹತ್ತು ಸೆಕೆಂಡ್ ಮಾತಾಡುವುದೇ ಇಲ್ಲ. ನೀರು ಕುಡಿಯಲಿ. ಆಮೇಲೆ ಒಂದೇ ಮಾತು, ಒಬ್ಬರ ಹೆಸರು ಹಿಡಿದು. "ಮುಂದಿನ ರೈಡ್‌ನಲ್ಲಿ ಬೋನಸ್ ಬಿಟ್ಟುಕೊಡು, ಬೀಳಬೇಡ." ಎರಡು ನಿಮಿಷ ಉಳಿದಿದೆ, ನಾವು ಮೂರು ಪಾಯಿಂಟ್ ಮುಂದಿದ್ದೇವೆ ಅಂದಾಗ ಒಂದು ಬೋನಸ್ ಹೋದರೆ ಏನೂ ಆಗುವುದಿಲ್ಲ. ಕಾರ್ನರ್ ಆಸೆಪಟ್ಟು ಬಿದ್ದು ಔಟಾದರೆ ಕೈ ಕೈ ಹಿಡಿದು ನಿಂತ ಸರಪಳಿ ಹರಿಯುತ್ತದೆ, ಒಬ್ಬೊಬ್ಬರಾಗಿ ಹೋಗಿ ಇಡೀ ತಂಡ ಔಟಾದರೆ ಲೋನಾ ಬೀಳುತ್ತದೆ, ಅದಕ್ಕೆ ಇನ್ನೆರಡು ಪಾಯಿಂಟ್. ನಾನೇ ಆಡುವಾಗ ಈ ಮಾತು ಹೇಳಿದವರ ಮೇಲೆ ಸಿಟ್ಟಾಗುತ್ತಿದ್ದೆ. ಹಿಡಿಯುವವನಿಗೆ ಹಿಡಿಯಬೇಡ ಅಂದರೆ ಹೇಗೆ ಅಂತ. ಗೆರೆಯ ಆಚೆ ಕೂತ ಮೇಲೆ ಏಳೂ ಜನ ಒಟ್ಟಿಗೆ ಕಾಣುತ್ತಾರೆ. ಒಳಗಿದ್ದಾಗ ನನಗೆ ಕಾಣುತ್ತಿದ್ದದ್ದು ಒಬ್ಬ ರೈಡರ್ ಮಾತ್ರ.

ಕೋವಿಡ್ ಬಂದಾಗ ಎಲ್ಲ ನಿಂತಿತು. ಅಭ್ಯಾಸವೂ ಇಲ್ಲ, ಪಂದ್ಯವೂ ಇಲ್ಲ. ಲೀಗ್ ಮತ್ತೆ ನಡೆದಿದ್ದು 2021ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲೇ, ಪ್ರೇಕ್ಷಕರಿಲ್ಲದೆ. ಆ ಖಾಲಿ ಪಂದ್ಯಗಳಿಂದ ನಾನು ತುಂಬಾ ಕಲಿತೆ. ಕೂಗಾಟ ಇರಲಿಲ್ಲ, ಹಾಗಾಗಿ ಅಂಕಣದೊಳಗೆ ಆಟಗಾರರು ಒಬ್ಬರಿಗೊಬ್ಬರು ಹೇಳುವುದು ಟಿವಿಯಲ್ಲಿ ಕೇಳಿಸುತ್ತಿತ್ತು. ಒಳ್ಳೆಯ ತಂಡದಲ್ಲಿ ಕವರ್‌ಗಳು ಸುಮ್ಮನೆ ಇರುವುದೇ ಇಲ್ಲ. ಕಾರ್ನರ್‌ಗೆ ಹೇಳುತ್ತಲೇ ಇರುತ್ತಾರೆ. ನಮ್ಮ ಮಕ್ಕಳಿಗೂ ಮಾತಾಡಿಕೊಂಡೇ ಆಡುವ ಅಭ್ಯಾಸ ಶುರು ಮಾಡಿಸಿದೆ.

ಈಗ ಒಂದು ಕಾಲೇಜು ತಂಡಕ್ಕೆ ಹುಡುಗರನ್ನು ತಯಾರು ಮಾಡುತ್ತೇನೆ, ಶನಿವಾರ ಭಾನುವಾರ ಊರಿನ ಹೈಸ್ಕೂಲು. ಆಡಿದವರೆಲ್ಲ ಕೋಚ್ ಆಗಬಹುದಾ ಅಂತ ಹುಡುಗರು ಕೇಳುತ್ತಾರೆ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರನ್ನು ತೋರಿಸುತ್ತೇನೆ. ಆಡಿ ಹೆಸರು ಮಾಡಿದರು, ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡು ಬೇರೆ ಬೇರೆ ತಂಡಗಳಿಗೆ ಲೀಗ್ ಗೆಲ್ಲಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಆಡುತ್ತಿರುವಾಗಲೇ ಒಂದು ನೋಟ್‌ಬುಕ್ ಇಡಿ. ಇವತ್ತು ಯಾರನ್ನು ಹಿಡಿದೆ, ಹಿಡಿಯುವ ಮೊದಲು ಏನು ಕಂಡೆ, ಎರಡು ಸಾಲು ಬರೆಯಿರಿ. ನಾನು ಬರೆದಿರಲಿಲ್ಲ, ಎಲ್ಲವನ್ನೂ ವಿಡಿಯೊದಿಂದ ಹುಡುಕಿ ತೆಗೆಯಬೇಕಾಯಿತು.

ಸದ್ಯ ನನ್ನ ತಲೆ ತಿನ್ನುತ್ತಿರುವುದು ಬಲ ಕಾರ್ನರ್‌ನ ಒಬ್ಬ ಹುಡುಗ. ಒಳ್ಳೆ ಕೈ, ಒಳ್ಳೆ ಧೈರ್ಯ. ಟವೆಲ್ ಕಟ್ಟಿದರೆ ಹತ್ತಕ್ಕೆ ಎಂಟು ಸಲ ಸರಿಯಾಗಿ ಹೇಳುತ್ತಾನೆ. ಪಂದ್ಯದಲ್ಲಿ ಮಾತ್ರ ಅರ್ಧ ಹೆಜ್ಜೆ ಮೊದಲೇ ಬೀಳುತ್ತಾನೆ. ಮೊನ್ನೆ ಅವನ ವಿಡಿಯೊ ನೋಡುವಾಗ ಒಂದು ವಿಷಯ ಗಮನಕ್ಕೆ ಬಂತು. ಪಕ್ಕದವನು ಅವನ ಕೈಯನ್ನು ತುಂಬಾ ಬಿಗಿಯಾಗಿ ಹಿಡಿದಿದ್ದಾನೆ, ರೈಡರ್ ಹತ್ತಿರ ಬಂದಾಗ ತಾನೇ ಹೆದರಿ ಎಳೆಯುತ್ತಾನೆ. ತಪ್ಪು ಕಾರ್ನರ್‌ನದ್ದು ಅಂತ ಎರಡು ತಿಂಗಳು ಅವನಿಗೆ ಹೇಳುತ್ತಿದ್ದೆ. ಸೋಮವಾರ ತೂಕ ನೋಡಿದ ಮೇಲೆ ಇಬ್ಬರನ್ನೂ ಕೂರಿಸಿ ಅದನ್ನು ತೋರಿಸಬೇಕು.